ಹುಲಿಯಮ್ಮ ನೋಡಿ ಬಂದ ಗಂಡಿನ ಮನೆ

ಕ್ಯಾಸನೂರಿನ ಹುಲಿಯಮ್ಮನಿಗೆ ಅಕ್ಷರ ಬಾರದು, ಮನೆ ನೋಡಲು ಬರುತ್ತಿತ್ತು. ಊರಲ್ಲಿ ಯಾವ ಹುಡುಗಿಗೆ ಗಂಡು ಗೊತ್ತಾದರೂ ಗಂಡಿನ ಮನೆ ನೋಡಲು ಹೋಗುವವರು ಅವಳನ್ನು ಬಿಟ್ಟು ಹೋಗುತ್ತಿರಲಿಲ್ಲ. ಗಂಡಸರು ಪಹಣಿ, ಬೋರ್‌ವೆಲ್ಲು ವಿಚಾರಿಸುತ್ತಾ ಕೂತರೆ ಅವಳು ನೆಟ್ಟಗೆ ಹಿತ್ತಲಿಗೆ ಹೋಗಿಬಿಡುವಳು. ತಿರುಗಿ ಬಂದು ಅವಳು ಸಕ್ಕರೆ ಬಾಯಿಗೆ ಹಾಕಿಕೊಂಡರೆ ಸಂಬಂಧ ಗಟ್ಟಿ. ಇಲ್ಲದಿದ್ದರೆ ಎಲ್ಲರೂ ನೀರು ಕುಡಿದು ಎದ್ದು ಬರುವುದು.

ಈ ಸಲ ಸ್ವಂತ ಮೊಮ್ಮಗಳು ರಜನಿಯ ಸರದಿ. ಮಗ ಚೌಡೇಶನ ಜೊತೆ ಎರಡು ಬಸ್ಸು ಬದಲಿಸಿ, ಶಿಕಾರಿಪುರದ ಆಚೆ ಮೆಕ್ಕೆಜೋಳದ ಹೊಲಗಳ ನಡುವಿನ ಕೆಂಪಪ್ಪನವರ ಮನೆಗೆ ಬಂದಳು. ಅಂಗಳದಲ್ಲಿ ಒಂದು ಕಡ್ಡಿ ಇಲ್ಲ. ನಲ್ಲಿ ತಿರುಗಿಸಿದರೆ ಬಿಸಿನೀರು. ಹನ್ನೊಂದು ಜನಕ್ಕೆ ಹನ್ನೆರಡೂವರೆಗೆ ಸರಿಯಾಗಿ ಊಟ, ಯಾರೂ ಯಾರನ್ನೂ ಕೂಗುವುದಿಲ್ಲ. ಮದುವೆಯ ಹುಡುಗ ರಾಹುಲ್ ತಾನೇ ನೀರು ತಂದುಕೊಟ್ಟ.

"ಏನವ್ವ, ಚಂದ್ರಲೋಕದಾಗೆ ಇಳಿದೋರಂಗೆ ನೋಡ್ತೀಯ?" ಎಂದು ಚೌಡೇಶ ಕಿವಿಯಲ್ಲಿ ಕೇಳಿದ.

"ಹೂಂ ಕಣೋ. ಇಲ್ಲಿ ಧೂಳು ಒಳಗೆ ಬರಾಕೂ ಅಪ್ಪಣೆ ಕೇಳ್ತದೇನೋ."

ಹಿತ್ತಲಿಗೆ ಹೋಗುವ ಮೊದಲೇ ಅವಳ ಕೈ ಸಕ್ಕರೆ ತಟ್ಟೆಯ ಕಡೆ ಹೋಗಿತ್ತು. ಬಾಯಲ್ಲಿ ಎಲೆಯಡಿಕೆ ಇತ್ತು. ಉಗುಳಲು ಎದ್ದಳು.

ಹಿತ್ತಲಲ್ಲಿ ಹಿರಿಸೊಸೆ ಶಶಿರೇಖಾ ಒಗೆಯುವ ಕಲ್ಲಿನ ಮುಂದೆ ಕೂತು ಪಾತ್ರೆ ತಿಕ್ಕುತ್ತಿದ್ದಳು.

"ತವರು ಯಾವೂರು ತಂಗಿ?"

"ತಾಳಗುಂದ ರೀ ಅಜ್ಜಿ. ಬೈಕಿಗೆ ಕಾಲು ತಾಸು."

"ಹಂಗಾರೆ ಪಂಚಮಿಗೆ ಉಯ್ಯಾಲೆ ಆಡಾಕೆ ಹೋಗೋದು ಸಲೀಸು ಬಿಡು."

"ಮದುವಿ ಆದ ವರ್ಷ ಹೋಗಿದ್ದೆ. ಆಮ್ಯಾಲೆ ಐದು ಪಂಚಮಿ ಆದ್ವು. ನಾ ಒಂದಿನ ಇಲ್ಲಾಂದ್ರೆ ಈ ಮನಿ ನಡಿಯಂಗಿಲ್ಲ." ಹೇಳುವಾಗ ದನಿಯಲ್ಲಿ ಹೆಮ್ಮೆಯೇ ಇತ್ತು. "ಅವ್ವಗೆ ಆಪರೇಶನ್ ಆದಾಗ ಫೋನ್ನಾಗೆ ನೋಡಿದೆ. ಸಣ್ಣ ಸೊಸಿ ಬಂದಮ್ಯಾಲೆ ಹೋಗೀಯಂತೆ ಅಂದಾರೆ ನಮ್ಮತ್ತಿ. ನಿಮ್ಮ ರಜನಿ ಕೆಲಸಕ್ಕೆ ಚುರುಕದಾಳೇನ್ರಿ?"

ಹುಲಿಯಮ್ಮ ಎಲೆಯಡಿಕೆ ಉಗುಳಿ ಬಾಯಿ ಮುಕ್ಕಳಿಸಿದಳು. ರಜನಿಯನ್ನು ಕೊಟ್ಟರೆ ಈ ಹುಡುಗಿ ತವರು ಕಂಡಾಳು. ಆಮೇಲೆ ಈ ಕಲ್ಲಿನ ಮುಂದೆ ಕೂರುವವಳು ರಜನಿ.

ಒಳಗೆ ಬಂದಾಗ ಹುಡುಗನ ತಾಯಿ ಬಸಕ್ಕ ತಟ್ಟೆ ಮುಂದೆ ಹಿಡಿದಳು. "ಬಾಯಿ ಸಿಹಿ ಮಾಡ್ಕೊಳ್ರಿ."

"ಸಕ್ಕರೆ ಎಲ್ಲೂ ಓಡಿಹೋಗಲ್ಲ ಬಸಕ್ಕ. ಬರೋ ಪಂಚಮಿಗೆ ನಿಮ್ಮ ದೊಡ್ಡ ಸೊಸೇನ ಎಂಟು ದಿನ ತವರಿಗೆ ಕಳಿಸ್ರಿ. ಆಗ ಇನ್ನೊಂದು ಸಲ ಬಂದು ಮನೆ ನೋಡ್ತೀವಿ."

"ಆಕಿ ಇಲ್ದಾಗ ಮನ್ಯಾಗೆ ನೋಡಾಕೆ ಏನಿರ್ತೈತ್ರಿ?"

"ಅದನ್ನೇ ನೋಡಾಕೆ ಬರೋದು."

ಹುಡುಗನ ತಂದೆ ಕೆಂಪಪ್ಪ ಹೊರಗೆ ನೋಡಿದರು. ಸೊರಬದ ಬಸ್‌ಸ್ಟ್ಯಾಂಡಿನವರೆಗೂ ಚೌಡೇಶ ತಾಯಿಯನ್ನು ಬಿಟ್ಟು ಬೇರೆ ಸೀಟಿನಲ್ಲಿ ಕೂತ.

ಪಂಚಮಿಗೆ ವಾರ ಇರುವಾಗ ಕೆಂಪಪ್ಪನವರ ಮನೆಯಿಂದ ಫೋನು ಬಂತು. ಅವರಿಗೆ ಬೇರೆ ಕಡೆ ಹೆಣ್ಣು ಗೊತ್ತಾಗಿತ್ತು. ರಜನಿ ಹೊಲಿಗೆ ಮಿಷನ್ ನಿಲ್ಲಿಸಿ ಕೇಳಿಸಿಕೊಂಡಳು, ಮತ್ತೆ ತುಳಿದಳು.

"ಆ ದೊಡ್ಡ ಸೊಸೆ ತವರಿಗೆ ಹೋಗ್ತಾಳಂತಾ?" ಎಂದು ಹುಲಿಯಮ್ಮ ಕೇಳಿದಳು.

"ಮನೇಲಿ ಮದುವೆ ಕೆಲಸ ಇಟ್ಕೊಂಡು ಈ ವರ್ಷ ಎಲ್ಲಿ ಬಿಡ್ತಾರವ್ವ" ಎಂದ ಚೌಡೇಶ.