ಪೈಪು ಡಾಕ್ಟರು

ಕಾರ್ಖಾನೆಯ ಪೈಪುಗಳನ್ನು ತಪಾಸಣೆ ಮಾಡುವ ಈ ಮಹಾಶಯರಿಗೆ ಎಲ್ಲರೂ ಇಟ್ಟ ಹೆಸರು ‘ಪೈಪು ಡಾಕ್ಟರು’. ತುಕ್ಕು ತಿಂದ ಆಸಿಡ್ ಪೈಪಿಗೆ ಸುತ್ತಿಗೆಯಿಂದ ಟಕ್ಕೆಂದು ಬಡಿದು, ಕಿವಿಗೊಟ್ಟು, “ಇನ್ನೊಂದು ವರ್ಷ ತಳ್ಳುತ್ತೆ ಬಿಡಿ” ಎಂದು ಮೇಲೊಂದು ಕೋಟು ಬಣ್ಣ ಬಳಿಸುವುದೇ ಅವರ ಚಿಕಿತ್ಸೆ. ಪೈಪು ಬದಲಿಸಬೇಕೆಂದರೆ ಕಾರ್ಖಾನೆ ನಿಲ್ಲಿಸಬೇಕು. ಹಾಗೆನ್ನಲು ಅವರಿಗೆ ಬಾಯಿ ಬರುವುದಿಲ್ಲ. ಮನೆಯ ನಲ್ಲಿ ತೊಟ್ಟಿಕ್ಕಿದರೆ ಮಾತ್ರ ಊಟ ಬಿಟ್ಟೆದ್ದು ಹೊಸದು ಹಾಕುತ್ತಾರೆ. ಪೈಪು ಸೊರಗಿದಷ್ಟೂ ಅವರ ಪೆಟ್ಟು ಮೆತ್ತಗಾಗುತ್ತದೆ. ಜೋರಾಗಿ ಬಡಿದರೆ ಸುತ್ತಿಗೆಯೇ ಒಳಹೊಕ್ಕೀತು! ಈಚೆಗೆ ಅಳಿಯನಿಗೂ ಆ ಪೈಪಿನಡಿಯೇ ಕೆಲಸ ಸಿಕ್ಕಿತು. “ಅಪ್ಪಾ, ಅಲ್ಲಿ ಭಯ ಏನಿಲ್ವಲ್ಲ?” ಎಂದು ಮಗಳು ಕೇಳಿದಳು. “ಇನ್ನೊಂದು ವರ್ಷ...” ಎಂದವರು ನಾಲಿಗೆ ಕಚ್ಚಿಕೊಂಡರು. ಮರುದಿನ ಆ ಪೈಪಿನ ಮುಂದೆ ಸುತ್ತಿಗೆ ಎತ್ತಲು ಕೈ ಬರಲಿಲ್ಲ. ಅಂಗೈಯಿಂದ ಮೆಲ್ಲಗೆ ಸವರಿ, ಬಣ್ಣ ಬಳಿಯುವವನನ್ನು ಕೂಗಿದರು.