ಜಗದೇವಪ್ಪ ಬಿಟ್ಟು ಓದಿದ ಸಾಲು

ನಿಂಬರ್ಗಾದ ಶಿವರಾಯ ಸಾವ್ಕಾರರ ಒಬ್ಬನೇ ಮಗ ಜಗದೇವಪ್ಪ ಹೈದರಾಬಾದಿನ ಕಾಲೇಜು ಬಿಟ್ಟು ಊರಿಗೆ ಬಂದಾಗ, ಮಂದಿ ಅವನನ್ನು ದೊಡ್ಡ ಹೋರಾಟಗಾರನೆಂದೇ ತಿಳಿದರು. ಅದು ೧೯೪೭ನೆಯ ಇಸವಿ. ಉಳಿದ ದೇಶಕ್ಕೆ ಸ್ವಾತಂತ್ರ್ಯ ಬಂದಿತ್ತು, ನಿಜಾಮನ ಸೀಮೆಗೆ ಬಂದಿರಲಿಲ್ಲ. ಅವನ ಜೊತೆಗಾರರಲ್ಲಿ ಕೆಲವರು ಜೈಲಿಗೆ ಹೋದರು, ಕೆಲವರು ಸೊಲ್ಲಾಪುರದ ಕಡೆ ಗಡಿಯಾಚೆಯ ಶಿಬಿರ ಸೇರಿದರು. ಇವನು ಅವ್ವನಿಗೆ ಆರಾಮಿಲ್ಲವೆಂದು ನೆಪ ಹೇಳಿ ಮನೆ ಸೇರಿದ. ಅವ್ವ ಗುರುಬಾಯಿ ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿದ್ದಳು. ಮಂದಿ ಹೊಗಳಿದಷ್ಟೂ ಅವನಿಗೆ ನಾಚಿಕೆಯಾಗುತ್ತಿತ್ತು. ಏನಾದರೊಂದು ಮಾಡಿ ತಾನೂ ಗಂಡಸು ಅನ್ನಿಸಿಕೊಳ್ಳಬೇಕೆಂಬ ಹಟ ಆಗಲೇ ಹುಟ್ಟಿದ್ದು.

ಟ್ರಂಕಿನಲ್ಲಿ ಒಂದು ಇಂಗ್ಲಿಷ್ ಪುಸ್ತಕವಿತ್ತು, ಹೊಸ ಕಾಲದ ತರ್ಕಶಾಸ್ತ್ರದ್ದು. ಮಾತುಗಳನ್ನು ಅಕ್ಷರ ಮಾಡಿ, ಅಕ್ಷರಗಳ ನಡುವೆ ಗುರುತು ಹಾಕಿ, ಬೀಜಗಣಿತದ ಹಾಗೆ ನಿಜ-ಸುಳ್ಳು ಬಿಡಿಸುವ ವಿದ್ಯೆ. ಕಲಿಸುವವರು ಯಾರೂ ಇರಲಿಲ್ಲ. ಜಗದೇವಪ್ಪ ಪಡಸಾಲೆಯಲ್ಲಿ ಗೋಣಿತಟ್ಟು ಹಾಸಿ, ನಿಜಕ್ಕೆ ಬಿಳಿಜೋಳದ ಕಾಳು, ಸುಳ್ಳಿಗೆ ತೊಗರಿಯ ಕಾಳು ಇಟ್ಟು ತಾನೇ ಕಲಿಯತೊಡಗಿದ. ‘ಮತ್ತು’ ಎಂಬುದು ಒಂದು ದಿನದಲ್ಲಿ ಕೈಗೆ ಹತ್ತಿತು. ‘ಅಥವಾ’ ಎಂಬುದೂ ಹತ್ತಿತು. ‘ಇದು ನಿಜವಾದರೆ ಅದು ನಿಜ’ ಎಂಬಲ್ಲಿಗೆ ಬಂದಾಗ ಗಾಡಿ ಕೆಸರಿನಲ್ಲಿ ಹೂತುಕೊಂಡಿತು.

ಪುಸ್ತಕ ನಾಲ್ಕು ಸಾಲು ಕೊಟ್ಟಿತ್ತು. ಎದುರಿಗೆ ಉದಾಹರಣೆ: ಮಳೆ ಬಂದರೆ ನೆಲ ತೋಯುತ್ತದೆ. ಮಳೆ ಬಂತು, ನೆಲ ತೋಯ್ದಿತು, ಮಾತು ನಿಜ. ಮಳೆ ಬಂತು, ನೆಲ ಒಣಗಿಯೇ ಇದೆ, ಮಾತು ಸುಳ್ಳು. ಅಲ್ಲಿಯ ತನಕ ಸರಿ. ಮೂರನೆಯ ಸಾಲಿನಲ್ಲಿ ಮಳೆ ಬಂದಿಲ್ಲ, ನೆಲ ಮಾತ್ರ ತೋಯ್ದಿದೆ. ಆದರೂ ಮಾತು ನಿಜವೇ ಎಂದು ಪುಸ್ತಕ ಹೇಳುತ್ತಿತ್ತು. ಮಳೆಯೇ ಇಲ್ಲದೆ ನೆಲ ತೋಯುವುದೆಂದರೇನು? ಬರೆದವನಿಗೆ ತಲೆ ಕೆಟ್ಟಿರಬೇಕೆಂದು ಜಗದೇವಪ್ಪ ಆ ಸಾಲನ್ನು ಬಿಟ್ಟು ಮುಂದಿನ ಪುಟಕ್ಕೆ ಹೋದ. ಅರೆಬೆಂದ ವಿದ್ಯೆಗೆ ಆರ್ಭಟ ಹೆಚ್ಚು. ವಾರ ಕಳೆಯುವುದರೊಳಗೆ ಹನುಮಂತದೇವರ ಕಟ್ಟೆಯ ಮೇಲೆ ಕೂತು, ಜಗತ್ತಿನ ಯಾವ ಜಗಳವನ್ನಾದರೂ ತಾನು ಲೆಕ್ಕ ಹಾಕಿ ಬಿಡಿಸಬಲ್ಲೆನೆಂದು ಹೇಳಿಕೊಳ್ಳತೊಡಗಿದ.

ಸಂಕ್ರಾಂತಿ ಮುಗಿದ ಮೇಲೆ ಸಾವ್ಕಾರರ ಹಗೇವು ತೆರೆದರು. ನೆಲದೊಳಗೆ ಬಾವಿಯ ಹಾಗೆ ತೋಡಿ, ಹೊಟ್ಟು ಹಾಸಿ, ಜೋಳ ತುಂಬಿ, ಬಾಯಿಗೆ ಮಣ್ಣು ಮೆತ್ತಿದ ಕಣಜ ಅದು. ಅಂಚಿನ ಜೋಳ ಸದಾ ಮುಗ್ಗುತ್ತದೆ. ಅದರ ರೊಟ್ಟಿಗೆ ಒಂದು ವಾಸನೆ. ತೊಳೆದರೂ ಹೋಗದು, ಒಣಗಿಸಿದರೂ ಹೋಗದು. ಆ ಮುಗ್ಗಲು ಜೋಳ ಹಗೇವು ತೆಗೆದ ಆಳುಗಳ ಪಾಲು ಎಂಬುದು ಹಿಂದಿನಿಂದ ಬಂದ ಪದ್ಧತಿ. ಆದರೆ ಈ ಸಲ ಮಣ್ಣು ಸರಿಸಿ ನೋಡಿದರೆ ಹಗೇವು ಅರ್ಧ ಖಾಲಿ. ಶಿವರಾಯರ ಮುಖ ಕಪ್ಪಿಟ್ಟಿತು.

ಹಗೇವಿನ ಬಾಯಿ ಮೆತ್ತಿದವನು ಸೈದಪ್ಪ, ಆ ಮನೆಯ ಹಳೆಯ ಆಳು. ಜಗದೇವಪ್ಪನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವನು. ಇವನು ಅವನನ್ನು ಕಾಕಾ ಎನ್ನುತ್ತಿದ್ದ. ಆ ದಿನ ಕೂಡಿದ ಮಂದಿಯ ನಡುವೆ ಜಗದೇವಪ್ಪ ಎದ್ದು ನಿಂತ. ಈ ಸಲದ ಪಾಲು ಇನ್ನೂ ಯಾರಿಗೂ ಹಂಚಿಲ್ಲ, ಸೈದಪ್ಪ ಕದ್ದಿದ್ದರೆ ಅವನ ಮನೆಯ ರೊಟ್ಟಿ ಹಗೇವು ನಾರಬೇಕು, ಹೌದೋ ಅಲ್ಲೋ ಎಂದು ಕೇಳಿದ. ಮಂದಿ ಹೌದೆಂದರು. ಇವನೇ ಸೈದಪ್ಪನ ಗುಡಿಸಲಿಗೆ ನುಗ್ಗಿ, ಬುಟ್ಟಿಯಿಂದ ರೊಟ್ಟಿ ತಂದು ಮೂಸಿದ. ಆಮೇಲೆ ಊರೆಲ್ಲ ಮೂಸಿತು. ಹಗೇವಿನ ವಾಸನೆ ಗಬ್ಬೆಂದು ಹೊಡೆಯುತ್ತಿತ್ತು.

“ಲೆಕ್ಕ ಮುಗೀತು. ಕಳ್ಳ ನೀನ ಲೇ ಸೈದ್ಯಾ” ಎಂದ. ಕಾಕಾ ಎಂದು ಕರೆದ ಬಾಯಿಯಿಂದಲೇ ಈ ಮಾತು ಬಂತು.

ಸೈದಪ್ಪನ ಹೆಂಡತಿ ನಿಂಬೆವ್ವ ಅಳುತ್ತ, ತಾನು ಇಜೇರಿಯ ತವರಿಗೆ ಹೋದಾಗ ಅಲ್ಲಿಯ ಗೌಡರ ಹಗೇವು ತೆಗೆಯಲು ದುಡಿದು ಮುಗ್ಗಲು ಜೋಳ ತಂದಿದ್ದೆನೆಂದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಓದಿದವನ ಲೆಕ್ಕದ ಮುಂದೆ ಹೆಂಗಸಿನ ಅಳು ಯಾವ ಲೆಕ್ಕ? ಸೈದಪ್ಪ ಮಾತ್ರ ಶಿವರಾಯರ ಮುಖವನ್ನೇ ನೋಡಿದ. ಶಿವರಾಯರು ನೆಲ ನೋಡಿದರು. ಮರುದಿನ ಗಂಡಹೆಂಡಿರು ಗಂಟುಮೂಟೆ ಕಟ್ಟಿಕೊಂಡು ಇಜೇರಿಗೆ ಹೊರಟುಹೋದರು. ಹೋಗುವಾಗ ದಾರಿಯಲ್ಲಿ ಯಾರೋ ಮೂಗು ಹಿಡಿದುಕೊಂಡು ನಕ್ಕರಂತೆ. ಜಗದೇವಪ್ಪನಿಗೆ ಮಾತ್ರ ಒಂದು ತಿಂಗಳು ಕಾಲು ನೆಲದ ಮೇಲಿರಲಿಲ್ಲ.

ಬೇಸಗೆಯ ಒಂದು ಬೆಳಗ್ಗೆ ಅವನು ಹಲ್ಲುಜ್ಜುತ್ತ ಹೊಸ್ತಿಲಲ್ಲಿ ಕೂತಿದ್ದ. ಅವ್ವ ಅಂಗಳಕ್ಕೆ ಸೆಗಣಿ ನೀರಿನ ಥಳಿ ಹೊಡೆಯುತ್ತಿದ್ದಳು. ಹುಟ್ಟಿದಾಗಿನಿಂದ ದಿನಾ ಕಂಡ ನೋಟ. ಅಂಗಳ ತೋಯ್ದಿತ್ತು. ಆಕಾಶದಲ್ಲಿ ಒಂದು ಮೋಡ ಇರಲಿಲ್ಲ.

ಅವನ ಬಾಯಲ್ಲಿದ್ದ ಬೇವಿನಕಡ್ಡಿ ಅಲ್ಲಿಯೇ ನಿಂತಿತು. ಮಳೆ ಬಂದಿಲ್ಲ, ನೆಲ ತೋಯ್ದಿದೆ. ಹಾಗೆಂದು, ಮಳೆ ಬಂದರೆ ನೆಲ ತೋಯುತ್ತದೆ ಎಂಬ ಮಾತು ಸುಳ್ಳಾಯಿತೇ? ಇಲ್ಲ. ನೆಲ ತೋಯ್ದದ್ದನ್ನು ನೋಡಿ ಮಳೆ ಬಂದಿತೆನ್ನುವವನು ಮೂರ್ಖ, ಅಷ್ಟೇ. ಒಳಗೆ ಓಡಿ ಗೋಣಿತಟ್ಟಿನ ಮೇಲೆ ಮತ್ತೆ ಕಾಳು ಹೂಡಿದ. ತಾನು ಬಿಟ್ಟು ಓದಿದ ಸಾಲು ಬಂತು. ಕದ್ದದ್ದು: ತೊಗರಿ, ಅಂದರೆ ಸುಳ್ಳು. ರೊಟ್ಟಿ ನಾರಿದ್ದು: ಜೋಳ, ಅಂದರೆ ನಿಜ. ಸೈದಪ್ಪ ಕಾಕಾ ಆ ಸಾಲಿನಲ್ಲಿ ಇದ್ದಿರಬಹುದಾಗಿತ್ತು, ಮತ್ತು ಅದನ್ನು ನಿಂಬೆವ್ವ ಆವತ್ತೇ ಅತ್ತು ಹೇಳಿದ್ದಳು. ಆ ದಿನ ಅವನು ಊಟಕ್ಕೆ ಏಳಲಿಲ್ಲ.

ಆಗಲೇ ಇಜೇರಿಗೆ ಓಡಿದ್ದರೆ ಈ ಕಥೆಯನ್ನು ಇಲ್ಲಿಗೇ ಮುಗಿಸಬಹುದಿತ್ತು. ಆದರೆ ನಾಚಿಕೆಗೆ ಒಂದು ಕೆಟ್ಟ ಗುಣವಿದೆ, ಅದು ಮೊದಲು ಹುಡುಕುವುದು ಅಡಗುವ ಜಾಗವನ್ನೇ. ಇವನಿಗೆ ಜಾಗ ಕೊಟ್ಟದ್ದೂ ಅದೇ ಪುಸ್ತಕ. ಲೆಕ್ಕ ತಪ್ಪಾದ ಮಾತ್ರಕ್ಕೆ ಉತ್ತರ ಸುಳ್ಳಾಗಬೇಕೆಂದಿಲ್ಲ ಎಂದು ಅಲ್ಲಿ ಬರೆದಿತ್ತು. ಸೈದಪ್ಪ ಕದ್ದೂ ಇರಬಹುದಲ್ಲ? ಹಾಗೆಂದುಕೊಂಡು ಸುಮ್ಮನಾದ. ಕಟ್ಟೆಗೆ ಹೋಗುವುದನ್ನು ಬಿಟ್ಟ. ಯಾರಾದರೂ ಲೆಕ್ಕದ ಸಾವ್ಕಾರ್ರೆ ಎಂದು ಕರೆದರೆ ಎದೆಗೆ ಮುಳ್ಳು ಚುಚ್ಚಿದಂತಾಗುತ್ತಿತ್ತು.

ಭಾದ್ರಪದದಲ್ಲಿ ಭಾರತದ ಸೈನ್ಯ ಬಂತು, ನಿಜಾಮನ ರಾಜ್ಯ ಮುಗಿಯಿತು. ಎಲ್ಲರ ಬಾಯಿಯೂ ಬಿಚ್ಚಿತು. ಶಿವರಾಯರೂ ಕಟ್ಟೆಯ ಮೇಲೆ ಮೀಸೆ ತಿರುವಿ, ಗಡಿಯ ಶಿಬಿರದ ಹುಡುಗರಿಗೆ ತಮ್ಮ ಹಗೇವಿನ ಜೋಳವನ್ನು ಗುಟ್ಟಾಗಿ ಗಾಡಿಯಲ್ಲಿ ಕಳಿಸಿದ್ದಾಗಿ ಹೇಳಿಕೊಂಡರು. ಮಂದಿ ಭಲೆ ಎಂದರು. ಜಗದೇವಪ್ಪನ ಕಾಲ ಕೆಳಗಿನ ನೆಲ ಕುಸಿಯಿತು. ಮನೆಗೆ ಬಂದ ಮೇಲೆ, ಆವತ್ತು ಯಾಕೆ ಸುಮ್ಮನಿದ್ದೆ ಅಪ್ಪಾ ಎಂದು ಕೇಳಿದ.

“ಆವಾಗ ಬಾಯಿ ಬಿಟ್ಟಿದ್ರ ನಿಜಾಮನ ಮಂದಿ ಮನಿ ಉಳಸ್ತಿದ್ರೇನು? ನೀನ ಮಂದ್ಯಾಗ ನಿಂತು ಸಾಬೀತ ಮಾಡಿದಿ. ನನಗೂ ಅನುಕೂಲ ಆತು” ಎಂದರು ಶಿವರಾಯರು, ಮಗನ ಮುಖ ನೋಡದೆ.

ಬಸ್ಸು, ಗಾಡಿ, ಕಾಲುನಡಿಗೆ, ಹೀಗೆ ಜಗದೇವಪ್ಪ ಭೀಮಾ ದಾಟಿ ಇಜೇರಿ ಮುಟ್ಟಿದ. ಹೊಲದ ಬದುವಿನಲ್ಲಿ ಸೈದಪ್ಪನ ಮುಂದೆ ಕೂತು ಎಲ್ಲವನ್ನೂ ಹೇಳಿದ: ಅಪ್ಪ ಜೋಳ ಕಳಿಸಿದ್ದು, ತಾನು ಬಿಟ್ಟ ಸಾಲು, ಅವ್ವನ ಥಳಿ. ಸೈದಪ್ಪ ಒಂದೇ ಮಾತು ಕೇಳಿದ.

“ನಿಮ್ಮ ಲೆಕ್ಕ ತಪ್ಪ ಅಂತ ನಿಮಗ ಯಾವಾಗ ತಿಳೀತ್ರಿ, ಸಣ್ಣ ಧಣ್ಯಾರ?”

ಸುಳ್ಳು ಹೇಳಬಹುದಿತ್ತು. ನಿನ್ನೆ ಎಂದರೆ ನಂಬುತ್ತಿದ್ದ.

“ಬ್ಯಾಸಗ್ಯಾಗ, ಕಾಕಾ.”

“ದೀಪಾವಳಿ ಬಂತಲ್ರಿ” ಎಂದ ಸೈದಪ್ಪ. “ಮಂದ್ಯಾಗ ಅಂದದ್ದು ತಪ್ಪಂತ ಮಂದ್ಯಾಗ ಹೇಳ್ರಿ. ಬ್ಯಾಸಗ್ಯಾಗ ತಿಳದದ್ದೂ ಹೇಳ್ರಿ. ನಾ ಬಂದು ಕೇಳ್ತೇನಿ” ಎಂದು ಎದ್ದ.

ಇಬ್ಬರೂ ಕೂಡಿಯೇ ನಿಂಬರ್ಗಾಕ್ಕೆ ಬಂದರು. ಕಟ್ಟೆಯ ಮುಂದೆ ಮಂದಿ ಕೂಡಿದಾಗ ಯಾರೋ ಒಬ್ಬರು, ಸೈದಪ್ಪ ಕಳ್ಳನಲ್ಲ ಅನ್ನುವುದು ಸಾವ್ಕಾರರ ಬಾಯಿಂದಲೇ ತಿಳಿಯಿತಲ್ಲ, ಮತ್ತೆ ಈ ಪಂಚಾಯ್ತಿ ಯಾಕೆ ಎಂದರು. ಜಗದೇವಪ್ಪ ಮಂದಿಯ ನಡುವೆ ಎದ್ದು ನಿಂತ.

“ಅದು ಅಪ್ಪನ ಮಾತು. ಇದು ನಂದು. ನಾ ಅವತ್ತು ಸಾಬೀತ ಮಾಡಿದ್ದು ಏನೂ ಇಲ್ಲ. ಅದು ನನಗ ಬ್ಯಾಸಗ್ಯಾಗ ತಿಳದಿತ್ತು. ತಿಳದೂ ಮಾನಕ್ಕ ಅಂಜಿ ಬಾಯಿ ಮುಚ್ಚಿಕೊಂಡಿದ್ದೆ” ಎಂದ.

ಯಾರೂ ನಗಲಿಲ್ಲ. ಶಿವರಾಯರು ಹೆಗಲ ಮೇಲಿನ ಟವೆಲ್ಲು ಕೊಡವಿ ಎದ್ದು ಹೋದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಹೋದ ಮಾತನ್ನು ಹೆಕ್ಕಿ ತರಲು ಬಂದವನ ಮುಖ ಆ ದಿನ ಊರು ನೋಡಿತು.

ಗುರುಬಾಯಿ ತಂಬಿಗೆಯಲ್ಲಿ ನೀರು ತಂದು ಸೈದಪ್ಪನ ಮುಂದೆ ಹಿಡಿದಳು. ಅವನು ಬಾಗಿ ಕೈಮುಗಿದ.

“ಬ್ಯಾಡ್ರಿ ಅವ್ವಾ, ದಾರ್ಯಾಗ ಕುಡದು ಬಂದೇನಿ” ಎಂದು, ಚಪ್ಪಲಿ ಮೆಟ್ಟಿಕೊಂಡು ಬಂದ ದಾರಿಯಲ್ಲೇ ಹೊರಟ.

ಇಜೇರಿಯಿಂದ ಅವನ ಜೊತೆಗೇ ಬಂದಿದ್ದ ಜಗದೇವಪ್ಪ ತಲೆ ತಗ್ಗಿಸಿದ. ದಾರಿಯಲ್ಲಿ ಸೈದಪ್ಪ ಎಲ್ಲಿಯೂ ನೀರು ಕುಡಿದಿರಲಿಲ್ಲ.