ಓಣಿಯ ಮೂಲೆಯಲ್ಲಿ ನೆಟ್ಟ ಕಂಬ

ಜಮಖಂಡಿ ಸಂಸ್ಥಾನ ಮುಂಬಯಿ ರಾಜ್ಯದಲ್ಲಿ ಸೇರಿ ಕೆಲವು ವರ್ಷಗಳಾಗಿದ್ದವು. ಮುನ್ಸಿಪಾಲಿಟಿಯಲ್ಲಿ ನನಗೆ ಮೇಸ್ತ್ರಿ ಕೆಲಸ ಸಿಕ್ಕು ಇನ್ನೂ ವರ್ಷ ತುಂಬಿರಲಿಲ್ಲ. ನಮ್ಮ ಮನೆತನದಲ್ಲಿ ಕುರಿ ಬಿಟ್ಟು ಸಂಬಳಕ್ಕೆ ಸೇರಿದವನು ನಾನೇ ಮೊದಲು. ಆ ಬೇಸಿಗೆಯಲ್ಲಿ ಊರಿನ ಓಣಿಗಳಿಗೆಲ್ಲ ಹೆಸರಿನ ಫಲಕ ಹಾಕಬೇಕೆಂದು ಠರಾವಾಯಿತು. ಆಳಿಗಿಂತ ಎತ್ತರದ ಕಬ್ಬಿಣದ ಕಂಬ, ಅದರ ತಲೆಗೆ ನೀಲಿ ತಗಡು, ತಗಡಿನಲ್ಲಿ ಮೇಲೆ ಮರಾಠಿ, ಕೆಳಗೆ ಕನ್ನಡ. ಎಲ್ಲೆಲ್ಲಿ ನೆಡಬೇಕೆಂದು ಓವರ್‌ಸಿಯರ್ ಸಾಹೇಬರು ತಾವೇ ತಿರುಗಾಡಿ ಸುಣ್ಣದ ಗುರುತು ಹಾಕಿಸಿದ್ದರು. ನಮ್ಮ ಓಣಿಯ ಗುರುತು ನಮ್ಮ ಮನೆಯ ಮಗ್ಗುಲಿಗೇ ಬಿದ್ದಿತ್ತು.

ಆ ಜಾಗ ಹಿಂದೆ ನಮ್ಮ ಹಿತ್ತಲಾಗಿತ್ತು. ನಾನು ಸಣ್ಣವನಿದ್ದಾಗ ದಾರಿ ಅಗಲ ಮಾಡುವವರು ಗೋಡೆ ಕೆಡವಿ ಅದನ್ನು ರಸ್ತೆಗೆ ಸೇರಿಸಿಕೊಂಡಿದ್ದರು. ಹಾಗಿದ್ದರೂ ಅವ್ವ ದಿನಾ ಬೆಳಿಗ್ಗೆ ಬಾಗಿಲು ಗುಡಿಸಿದ ಮೇಲೆ ಅಲ್ಲಿಗೂ ಹೋಗಿ ಗುಡಿಸಿ, ನೀರು ಚಿಮುಕಿಸಿ ಬರುತ್ತಿದ್ದಳು. ಹೋದ ಜಾಗದ ಮೇಲಿನ ಆಸೆ ಅವಳನ್ನು ಇನ್ನೂ ಬಿಟ್ಟಿಲ್ಲ ಎಂದುಕೊಂಡಿದ್ದೆ.

ನಮ್ಮ ಓಣಿಯ ಸರದಿ ಬಂದ ದಿನ ಕೂಲಿಯಾಳನ್ನು ಕರೆದುಕೊಂಡು ಹೋದೆ. ಅವನು ಹುನ್ನೂರ ಕಡೆಯವನು, ವಯಸ್ಸಾದವನು. ಕಟ್ಟೆಯ ಮೇಲೆ ಉಣ್ಣೆ ನೂಲುತ್ತಿದ್ದ ಅವ್ವ ಹಾರೆಯ ಸದ್ದು ಕೇಳಿ ಎದ್ದು ಬಂದಳು. ಕಂಬವನ್ನು ಓಣಿಯ ಆಚೆ ದಂಡೆಗೆ ಸರಿಸಲು ಬರುವುದಿಲ್ಲವೇ ಎಂದು ಕೇಳಿದಳು. ಬರುವುದಿಲ್ಲ, ಸಾಹೇಬರ ಗುರುತು ಇಲ್ಲೇ ಇದೆ ಎಂದೆ. ಎರಡು ಮೊಳವಾದರೂ ಸರಿಸು ಎಂದಳು. ಯಾಕೆ ಎಂದು ಕೇಳಿದರೆ ಹೇಳಲಿಲ್ಲ. ನೋಡುವ ಜನ ಸೇರಿದ್ದರು. ಅವರೆದುರು ಅವ್ವನ ಮಾತಿಗೆ ಕೆಲಸ ನಿಲ್ಲಿಸುವುದು ನನಗೆ ಅವಮಾನ ಅನಿಸಿತು.

“ನಿನಗ ಇದೆಲ್ಲಾ ತಿಳಿಯೂದಿಲ್ಲ, ಒಳಗ ಹೋಗಬೇ,” ಅಂದೆ.

ಅವಳು ಹೋಗಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ಅಲ್ಲೇ ಕುಳಿತಳು.

ಮೊಳಕಾಲುದ್ದ ಅಗೆದಿರಬೇಕು, ಮುದುಕ ಹಾರೆ ಬದಿಗಿಟ್ಟು ಬಗ್ಗಿದ. “ಸಾಹೇಬ್ರ, ಇಲ್ಲಿ ಬಳಿ ಅದಾವ್ರಿ,” ಎಂದು ನನಗೆ ಮೆಲ್ಲಗೆ ಹೇಳಿದ. ಅವನ ಅಂಗೈಯಲ್ಲಿ ಎರಡು ಕರಿಬಳೆಗಳಿದ್ದವು. ನನ್ನ ಎರಡು ಬೆರಳಷ್ಟೇ ತೂರುವಷ್ಟು ಸಣ್ಣವು. ಒಂದು ಹಾರೆಯ ಪೆಟ್ಟಿಗೆ ಆಗಷ್ಟೇ ಮುರಿದಿತ್ತು.

ಅವ್ವ ಬಂದು ಅಗೆದ ಕುಣಿಯ ಅಂಚಿಗೆ ಕುಳಿತಳು. “ನಿನಕಿಂತ ಮೊದಲ ಒಂದು ಹೆಣ್ಣು ಹುಟ್ಟಿತ್ತು. ಎರಡು ತಿಂಗಳ ಇತ್ತು. ನಿಮ್ಮಪ್ಪ ಇಲ್ಲೇ ಮಣ್ಣು ಮಾಡಿದ,” ಅಂದಳು. ಅಪ್ಪ ತೀರಿಕೊಂಡು ಆಗಲೇ ಎಷ್ಟೋ ವರ್ಷವಾಗಿತ್ತು. ಅವನೂ ಇದನ್ನು ನನಗೆ ಹೇಳಿರಲಿಲ್ಲ.

ಮುದುಕ ತಲೆಯ ರುಮಾಲು ತೆಗೆದು, ಸೇರಿದ್ದ ಜನರನ್ನು ಕಳಿಸಿಬಿಟ್ಟ. ನಾನು ಕುಣಿ ಮುಚ್ಚಲು ಹೊರಟೆ. ಅವ್ವ ಕೈ ಹಿಡಿದಳು.

“ಕೂಸು ಎಲ್ಲೈತಿ, ನೋಡು.”

ಕುಣಿಯಲ್ಲಿಳಿದು ಬರಿಗೈಯಿಂದ ಮಣ್ಣು ತೆಗೆಯುತ್ತ ಹೋದೆ. ಕೈಗೆ ಏನೂ ಹತ್ತಲಿಲ್ಲ. ಕರಿಮಣ್ಣು, ಅದರ ಕೆಳಗೂ ಕರಿಮಣ್ಣು. ಅಷ್ಟು ಎಳೆಯ ಎಲುಬು ಇಷ್ಟು ವರ್ಷ ಉಳಿಯುವುದಿಲ್ಲ ಎಂದು ಮುದುಕ ಅವಳಿಗೆ ತಿಳಿಸಿ ಹೇಳಿದ. ಅವಳು ತಲೆಯಾಡಿಸಿದಳು. ಅತ್ತರೆ ಸಮಾಧಾನ ಮಾಡಬಹುದು ಎಂದು ಕಾದೆ, ಅಳಲಿಲ್ಲ. ಉಳಿದ ಬಳೆಯನ್ನೂ ಮುರಿದದ್ದರ ಚೂರುಗಳನ್ನೂ ಸೆರಗಿಗೆ ಹಾಕಿಕೊಂಡು ಮನೆಯೊಳಗೆ ಹೋದಳು.

ಕುಣಿ ಮುಚ್ಚಿ, ಕಂಬವನ್ನು ಆಚೆ ದಂಡೆಗೆ ನೆಟ್ಟೆವು. ದಾರಕ್ಕೆ ಕಟ್ಟಿದ ಗುಂಡು ಇಳಿಬಿಟ್ಟು ನೆಟ್ಟಗೆ ನಿಲ್ಲಿಸಿ, ಖಡಿಕಲ್ಲು ತುಂಬಿ, ಸಿಮೆಂಟು ಹಾಕಿದೆವು. ಮರುದಿನ ಸಾಹೇಬರು ಬಂದು, ಗುರುತು ಬಿಟ್ಟು ಯಾಕೆ ಹಾಕಿದಿರಿ ಎಂದು ಕೇಳಿದರು. ಬಂಡೆಗಲ್ಲು ಹತ್ತಿತು ಎಂದೆ. ಪಕ್ಕದಲ್ಲಿದ್ದ ಮುದುಕ ಹೌದೆಂದ. ಅವರು ಹೆಚ್ಚು ಕೇಳಲಿಲ್ಲ.

ಕಂಬ ಸರಿಸಿದ್ದರಿಂದ ನಾನು ಮಾಡಿದ ತಪ್ಪು ಸರಿಹೋಯಿತೆಂದು ಒಂದು ರಾತ್ರಿಯ ಮಟ್ಟಿಗೆ ನಂಬಿದ್ದೆ. ಬೆಳಿಗ್ಗೆ ಅವ್ವ ಬಾಗಿಲಷ್ಟೇ ಗುಡಿಸಿ ಒಳಗೆ ಬಂದಳು. ಆ ಜಾಗಕ್ಕೆ ಮತ್ತೆ ಯಾವತ್ತೂ ಹೋಗಲಿಲ್ಲ. ಇಪ್ಪತ್ತಕ್ಕೂ ಹೆಚ್ಚು ವರ್ಷ ಅವಳ ಮಗಳು ಅಲ್ಲಿದ್ದಳು. ಅಲ್ಲಿ ಯಾರೂ ಇಲ್ಲವೆಂದು ಅಗೆದು ತೋರಿಸಿದವನು ನಾನು. ಯಾಕೆ ಎಂದು ಕೇಳಿದಾಗ ಅವಳು ಅಷ್ಟು ಜನರ ಮುಂದೆ ಹೇಗೆ ಹೇಳಿಯಾಳು ಎಂಬುದು ಆ ದಿನ ನನಗೆ ಹೊಳೆಯಲೇ ಇಲ್ಲ.

ಮುಂದೆ ನನಗೆ ಮಗಳು ಹುಟ್ಟಿದಳು. ತೊಟ್ಟಿಲಿಗೆ ಹಾಕುವ ದಿನ ಗೊತ್ತಾದಾಗ ಅವ್ವನ ಹತ್ತಿರ ಕುಳಿತು, ಆ ಕೂಸಿಗೆ ಹೆಸರು ಇಟ್ಟಿದ್ದಿರೇನು ಎಂದು ಕೇಳಿದೆ.

“ಇಟ್ಟಿದ್ವಿ,” ಅಂದಳು.

ನಾನು ಕಾದೆ. ಅವಳು ಸ್ವಲ್ಪ ಹೊತ್ತು ಮೊಮ್ಮಗಳ ಮುಖ ನೋಡುತ್ತ ಕುಳಿತು, ಆಮೇಲೆ ಎದ್ದು ಕುರಿಮರಿಗೆ ನೀರಿಡಲು ಹೋದಳು. ಎರಡನೆಯ ಸಲ ಕೇಳುವ ಧೈರ್ಯ ನನಗಾಗಲಿಲ್ಲ. ಮಗಳಿಗೆ ಬೇರೆ ಹೆಸರಿಟ್ಟೆವು. ಅದರ ಮರುವರ್ಷ ಚಳಿಗಾಲದಲ್ಲಿ ಅವ್ವ ತೀರಿಕೊಂಡಳು. ನನ್ನ ಅಕ್ಕನ ಹೆಸರು ಗೊತ್ತಿದ್ದವರು ಈಗ ಯಾರೂ ಇಲ್ಲ.